ಬಲೂನು ಬಂದೂಕಿನ ಸಡಿಲ ಸ್ಪ್ರಿಂಗು

ಬಂದೂಕನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗೆಜ್ಜೆಯ ಸದ್ದು ಬರುತ್ತಿತ್ತು. ಏರ್‌ಗನ್ ಆಗಲಿ, ನಿಜವಾದ ರೈಫಲ್ ಆಗಲಿ, ಅಲ್ಲಾಡಿಸಿದಾಗ ಗೆಜ್ಜೆ ಕಟ್ಟಬಾರದು. ತಂದವನು ದಸರಾ ವಸ್ತುಪ್ರದರ್ಶನದಲ್ಲಿ ಬಲೂನು ಹೊಡೆಸುವ ಅಂಗಡಿಯವನು. ನಂಜನಗೂಡು, ಸುತ್ತೂರು, ಮುಡುಕುತೊರೆ ಎಂದು ವರ್ಷಪೂರ್ತಿ ಜಾತ್ರೆ ಸುತ್ತುವವನು. ನಾನು ಟೂಲ್‌ರೂಮ್ ಕೆಲಸದಿಂದ ನಿವೃತ್ತನಾದ ಮೇಲೆ ಬನ್ನಿಮಂಟಪದ ಹತ್ತಿರದ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಸಣ್ಣಪುಟ್ಟ ರಿಪೇರಿ ಮಾಡುವುದು ಅವನಿಗೆ ಯಾರಿಂದಲೋ ಗೊತ್ತಾಗಿತ್ತು.

"ಸಾರ್, ಹೊಡೆದರೆ ಗುಂಡು ಬಲೂನಿಗೆ ತಗುಲುತ್ತದೆ, ಬಲೂನು ಒಡೆಯುವುದಿಲ್ಲ. ಗಿರಾಕಿಗಳು ಜಗಳಕ್ಕೆ ಬರುತ್ತಾರೆ" ಎಂದ.

ಅಂದು ನವರಾತ್ರಿಯ ಪಂಚಮಿ. ವಿಜಯದಶಮಿಯ ಜನಸಂದಣಿಗೆ ಬಂದೂಕು ಅಂಗಡಿಯಲ್ಲಿ ಇರಲೇಬೇಕು ಎಂದು ಹೇಳಿ ಹೋದ. ಐದು ದಿನ ಇದೆಯಲ್ಲ ಎಂದು ನಾನೂ ಒಪ್ಪಿಕೊಂಡೆ. ನಡುವೆ ಆಯುಧಪೂಜೆ ಬರುತ್ತದೆ ಎನ್ನುವುದು ಇಬ್ಬರಿಗೂ ಹೊಳೆಯಲಿಲ್ಲ.

ಈ ಬಂದೂಕುಗಳನ್ನು ಬಿಚ್ಚಿ ನೋಡದವರಿಗೆ ಒಂದು ಮಾತು. ಇದರಲ್ಲಿ ಮದ್ದಿಲ್ಲ, ಗಾಳಿ ತುಂಬಿದ ಸಿಲಿಂಡರೂ ಇಲ್ಲ. ನಳಿಗೆಯನ್ನು ಮಧ್ಯದಲ್ಲಿ ಮುರಿದ ಹಾಗೆ ಕೆಳಕ್ಕೆ ಬಗ್ಗಿಸಿದಾಗ ಅದಕ್ಕೆ ಜೋಡಿಸಿದ ಸನ್ನೆಕೋಲು ಒಳಗಿನ ಪಿಸ್ಟನ್ನನ್ನು ಹಿಂದಕ್ಕೆ ನೂಕುತ್ತದೆ. ಪಿಸ್ಟನ್ನಿನ ಹೊಟ್ಟೆಯೊಳಗಿರುವ ಉದ್ದನೆಯ ಸ್ಪ್ರಿಂಗು ಕುಗ್ಗುತ್ತದೆ. ಪಿಸ್ಟನ್ನಿನ ಬಾಲವನ್ನು ಒಂದು ಕೊಕ್ಕೆ ಹಿಡಿದುಕೊಳ್ಳುತ್ತದೆ. ಟ್ರಿಗರ್ ಎಳೆದರೆ ಕೊಕ್ಕೆ ಬಿಡುತ್ತದೆ, ಸ್ಪ್ರಿಂಗು ಪಿಸ್ಟನ್ನನ್ನು ಮುಂದಕ್ಕೆ ಒಗೆಯುತ್ತದೆ, ಅದರ ಮುಂದಿದ್ದ ಗಾಳಿ ಕ್ಷಣಾರ್ಧದಲ್ಲಿ ಹಿಂಡಿಕೊಂಡು ಸಣ್ಣ ತೂತಿನಿಂದ ನುಗ್ಗಿ ಸೀಸದ ಗುಂಡನ್ನು ನೂಕುತ್ತದೆ. ಸೈಕಲ್ ಪಂಪನ್ನು ಒಂದೇ ಏಟಿಗೆ, ಗುದ್ದಿದಂತೆ ಒತ್ತಿದರೆ ಹೇಗೋ ಹಾಗೆ. ಪಿಸ್ಟನ್ನಿನ ತುದಿಯಲ್ಲಿ ಇರುವುದು ಕೂಡ ಸೈಕಲ್ ಪಂಪಿನಂಥದೇ ಚರ್ಮದ ವಾಷರ್.

ಪಕ್ಕದ ಮನೆಯ ಹವಾಲ್ದಾರರು ಸದ್ದು ಕೇಳಿ ಕಾಂಪೌಂಡಿನ ಮೇಲಿಂದಲೇ ಬಗ್ಗಿ ನೋಡಿದರು. ಅವರ ಕಾಲಕ್ಕೆ ಸೈನ್ಯದಲ್ಲಿ ಇದ್ದದ್ದು 7.62 ಮಿಲಿಮೀಟರಿನ ಎಸ್‌ಎಲ್‌ಆರ್. ಒಂದು ಸಲ ಟ್ರಿಗರ್ ಎಳೆದರೆ ಒಂದು ಗುಂಡು ಹಾರಿ, ಮುಂದಿನದು ತಾನಾಗಿ ಕೊಠಡಿಗೆ ಏರುವ ಅರೆ ಸ್ವಯಂಚಾಲಿತ ರೈಫಲ್. "ನಮ್ಮದರಲ್ಲೂ ಸ್ಪ್ರಿಂಗು ಹೆಗಲಿಗೆ ಆನಿಸುವ ಹಿಂದಿನ ಬಟ್ಟಿನೊಳಗೆ ಇರುತ್ತಿತ್ತು, ಒಂದರೊಳಗೆ ಒಂದು, ಎರಡು. ಅದು ಸಡಿಲವಾದರೆ ಗುಂಡಿನ ಕೊಠಡಿ ಮುಚ್ಚುವ ಬೋಲ್ಟ್ ಪೂರ್ತಿ ಮುಂದೆ ಬಂದು ಮುಚ್ಚಿಕೊಳ್ಳುವುದಿಲ್ಲ. ಮುಚ್ಚಿಕೊಳ್ಳದಿದ್ದರೆ ಗುಂಡು ಹಾರುವುದಿಲ್ಲ" ಎಂದರು. ಅವರ ಮಾತು ಕೇಳಿದಾಗ ವ್ಯತ್ಯಾಸ ನಿಚ್ಚಳವಾಯಿತು. ಅವರ ರೈಫಲಿನಲ್ಲಿ ಶಕ್ತಿ ಕೊಡುವುದು ಮದ್ದು, ಸ್ಪ್ರಿಂಗು ಬರೀ ಬಾಗಿಲು ಮುಚ್ಚುವ ಆಳು. ನನ್ನ ಮುಂದಿರುವುದರಲ್ಲಿ ಸ್ಪ್ರಿಂಗೇ ಮದ್ದು. ಅದು ಸಡಿಲವಾದರೆ ಬಂದೂಕು ನಿಲ್ಲುವುದಿಲ್ಲ, ಸುಮ್ಮನೆ ಸೋಮಾರಿಯಾಗುತ್ತದೆ.

ಆದರೂ ಸೋಮಾರಿತನಕ್ಕೆಲ್ಲ ಸ್ಪ್ರಿಂಗೇ ಕಾರಣವಲ್ಲ. ಮೊದಲು ಗಾಳಿ ಸೋರುತ್ತಿದೆಯೇ ನೋಡಬೇಕು. ನಳಿಗೆ ಮಡಚುವ ಕೀಲಿನ ಮೇಲೆ ತೆಳ್ಳಗಿನ ಟಿಶ್ಯೂ ಕಾಗದದ ಪಟ್ಟಿ ಹರಡಿ, ಗುಂಡು ತುಂಬಿ ಹೊಡೆದೆ. ಕಾಗದ ಮಿಸುಕಲಿಲ್ಲ. ಅಲ್ಲಿಯ ಸೀಲು ಸರಿ ಇದೆ. ಹೊಡೆದಾಗ ಮಾತ್ರ 'ಟಣ್ಣ್' ಎಂಬ ಸದ್ದು ಕೆನ್ನೆಯ ಮೂಳೆಯವರೆಗೂ ಬಂತು. ತಂಬೂರಿ ತಂತಿ ಕಿತ್ತಂತೆ ಸುಮಾರು ಹೊತ್ತು ಅನುರಣಿಸಿತು. ಜೊತೆಗೆ ನಳಿಗೆಯ ಬಾಯಿಂದ ಸಣ್ಣಗೆ ಹೊಗೆ. ಹೊಗೆಯೇಕೆ? ಬಲೂನಿನವನು ಶಕ್ತಿ ಬರಲಿ ಎಂದು ತೂತಿನೊಳಗೆ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟಿದ್ದ. ಗಾಳಿ ಹಠಾತ್ತಾಗಿ ಹಿಂಡಿಕೊಂಡಾಗ ಏರುವ ಬಿಸಿಗೆ ಆ ಎಣ್ಣೆ ಹೊತ್ತಿಕೊಳ್ಳುತ್ತದೆ. ಡೀಸೆಲ್ ಎಂಜಿನ್ನು ನಡೆಯುವುದೂ ಹೀಗೆಯೇ. 'ಢಂ' ಎಂದು ಜೋರು ಸದ್ದು ಬರುತ್ತದೆ, ಅಂಗಡಿಯವನಿಗೆ ಖುಷಿಯಾಗುತ್ತದೆ, ಒಳಗೆ ಚರ್ಮ ಸುಡುತ್ತದೆ, ಸ್ಪ್ರಿಂಗಿಗೆ ಮುಂದಿನಿಂದ ಒದೆ ಬೀಳುತ್ತದೆ.

ಶಕ್ತಿ ಅಳೆಯಲು ನನ್ನ ಬಳಿ ಗುಂಡಿನ ವೇಗ ತೋರಿಸುವ ಯಂತ್ರವಿಲ್ಲ. ಬಟ್ಟೆ ಸೋಪಿನ ಬಾರು ಇದೆ. ಮರಳಿನ ಚೀಲ ಒರಗಿಸಿ, ಅದರ ಮುಂದೆ ಬಾರನ್ನು ನೆಟ್ಟು, ಐದು ಮೀಟರ್ ದೂರದಿಂದ ಹೊಡೆದು, ಗುಂಡು ಎಷ್ಟು ಆಳಕ್ಕೆ ಹೋಯಿತು ಎಂದು ಕಡ್ಡಿ ಹಾಕಿ ಅಳೆದೆ. ಐದು ಹೊಡೆತದ ಸರಾಸರಿ 8 ಮಿಲಿಮೀಟರ್. ಈ ಸಂಖ್ಯೆಗೆ ತಾನಾಗಿ ಅರ್ಥವಿಲ್ಲ, ಹೋಲಿಸಲು ಇನ್ನೊಂದು ಬೇಕು. ಅದೇ ಅಚ್ಚಿನ, ಸರಿಯಾಗಿ ಹೊಡೆಯುವ ಇನ್ನೊಂದು ಬಂದೂಕು ಅವನಲ್ಲಿತ್ತು. ಕೇಳಿದಾಗ ಹಬ್ಬದ ದಿನ ಎರಡು ಬಂದೂಕು ಕಳೆದುಕೊಂಡರೆ ಹೊಟ್ಟೆಗೇನು ಎಂದು ಗೊಣಗಿದ. ಕೊನೆಗೆ ಅಂಗಡಿ ಮುಚ್ಚಿ ರಾತ್ರಿ ಹನ್ನೊಂದಕ್ಕೆ ತಂದುಕೊಟ್ಟು, ಮರುದಿನ ಮಧ್ಯಾಹ್ನದೊಳಗೆ ವಾಪಸ್ ಬೇಕು ಎಂದ. ಬೆಳಗ್ಗೆ ಅದೇ ಸೋಪಿನ ಬಾರಿಗೆ ಹೊಡೆದೆ: 19 ಮಿಲಿಮೀಟರ್.

ಬಿಚ್ಚುವ ಕೆಲಸ ಷಷ್ಠಿಯ ಬೆಳಗ್ಗೆ. ಇಲ್ಲಿ ಅವಸರ ಮಾಡಿದರೆ ಹಲ್ಲು ಹೋಗುತ್ತದೆ, ಕಣ್ಣೂ ಹೋಗಬಹುದು. ಸರಿಯಾದ ಬಂದೂಕಿನಲ್ಲಿ ಸ್ಪ್ರಿಂಗು ಬಿಡುವಿನಲ್ಲೂ ಒಂದಿಷ್ಟು ಕುಗ್ಗಿಕೊಂಡೇ ಕುಳಿತಿರುತ್ತದೆ. ಹಿಂದಿನ ಅಡ್ಡ ಪಿನ್ನನ್ನು ಹೊಡೆದು ತೆಗೆದ ಕೂಡಲೇ ಟ್ರಿಗರಿನ ಗಟ್ಟಿಯನ್ನೂ ಸೇರಿಸಿಕೊಂಡು ಹೊರಗೆ ಹಾರುತ್ತದೆ. ಹಾಗಾಗಿ ಎರಡು ಹೊನ್ನೆ ಹಲಗೆ, 12 ಮಿಲಿಮೀಟರಿನ ಮರೆ ಸರಳು, ಅಂದರೆ ಉದ್ದಕ್ಕೂ ತಿರುಪು ಕೊರೆದ ಸರಳು, ಎರಡು ನಟ್ಟು ಸೇರಿಸಿ ಒಂದು ಚೌಕಟ್ಟು ಮಾಡಿಕೊಂಡೆ. ಬಂದೂಕಿನಲ್ಲಿ ಗುಂಡಿಲ್ಲ, ಕೊಕ್ಕೆ ಹಿಡಿದಿಲ್ಲ ಎಂದು ಎರಡು ಸಲ ಖಚಿತ ಮಾಡಿಕೊಂಡು, ಮುಂಭಾಗದ ಎರಡು ಸ್ಕ್ರೂ, ಟ್ರಿಗರ್ ಬಳೆಯ ಎರಡು ಸ್ಕ್ರೂ ತೆಗೆದು ಮರದ ಹಿಡಿಯಿಂದ ಕಬ್ಬಿಣವನ್ನು ಬೇರ್ಪಡಿಸಿದೆ. ಚೌಕಟ್ಟಿನಲ್ಲಿ ಕೂರಿಸಿ, ನಟ್ಟನ್ನು ಬಿಗಿದು, ಪಂಚಿನಿಂದ ಪಿನ್ನು ತಟ್ಟಿದೆ.

ಮೊದಲು ಬಿಚ್ಚಿದ್ದು ಒಳ್ಳೆಯ ಬಂದೂಕು. ಪಿನ್ನು ಬಂದ ಮೇಲೆ ನಟ್ಟನ್ನು ಸಡಿಲಿಸುತ್ತ ಹೋದಂತೆ ಒಳಗಿನ ಗಟ್ಟಿ 38 ಮಿಲಿಮೀಟರ್ ಹೊರಗೆ ನೂಕಿಕೊಂಡು ಬಂದು ನಿಂತಿತು. ಅದರ ಸ್ಪ್ರಿಂಗಿನ ಉದ್ದ 248, ತಂತಿಯ ದಪ್ಪ 3, ಹೊರ ಅಗಲ 20, ಸುತ್ತುಗಳು 32. ಅಂದರೆ ಒಳಗೆ ಅದಕ್ಕಿರುವ ಜಾಗ 210 ಮಿಲಿಮೀಟರ್.

ನಂತರ ಕೆಟ್ಟದ್ದು. ಅದೇ ಎಚ್ಚರಿಕೆಯಿಂದ ನಟ್ಟು ಬಿಗಿದು, ಪಿನ್ನು ತಟ್ಟಿ, ಉಸಿರು ಬಿಗಿಹಿಡಿದು ಸಡಿಲಿಸಿದೆ. ಏನೂ ಆಗಲಿಲ್ಲ. ಗಟ್ಟಿ ಇದ್ದಲ್ಲೇ ಇತ್ತು, ಕೈಯಲ್ಲೇ ಎಳೆದು ತೆಗೆದೆ. ಬಂದೂಕನ್ನು ಬೋರಲು ಹಾಕಿದರೆ ಸ್ಪ್ರಿಂಗು ಜಾರಿ ಬೆಂಚಿನ ಮೇಲೆ ಬಿತ್ತು, ಹಿಂದೆಯೇ ಒಂದು ಸುತ್ತಿನ ತುಂಡು ಟಣಕ್ಕೆಂದು ಬಿತ್ತು. ಉದ್ದ 206. ಇರುವ ಜಾಗಕ್ಕಿಂತ 4 ಮಿಲಿಮೀಟರ್ ಕಡಿಮೆ. ಗೆಜ್ಜೆಯ ಗುಟ್ಟು ಅಷ್ಟೇ.

ಆಮೇಲೆ ನಾನೊಂದು ದಡ್ಡತನ ಮಾಡಿದೆ. ಕಡಿಮೆ ಇರುವುದನ್ನು ತುಂಬಿಸಿದರೆ ಆಯಿತಲ್ಲ ಎಂದು 24 ಮಿಲಿಮೀಟರ್ ಉದ್ದದ ಕಬ್ಬಿಣದ ಪೈಪಿನ ತುಂಡೊಂದನ್ನು ಕತ್ತರಿಸಿ, ಸ್ಪ್ರಿಂಗಿನ ಹಿಂದೆ ಕೂರಿಸಿ, ಎಲ್ಲ ಜೋಡಿಸಿ ಹೊಡೆದೆ. ಮೊದಲ ಮೂರು ಹೊಡೆತ ಸೋಪಿನಲ್ಲಿ 14 ಮಿಲಿಮೀಟರಿನವರೆಗೆ ಇಳಿದವು. ಮನೆಯಾಕೆಯನ್ನು ಕರೆದು ತೋರಿಸಿಯೂ ಆಯಿತು. ಇಪ್ಪತ್ತನೆಯ ಹೊಡೆತದ ಹೊತ್ತಿಗೆ 10ಕ್ಕೆ ಇಳಿದು, ಗೆಜ್ಜೆ ಮತ್ತೆ ಶುರುವಾಯಿತು.

ಮತ್ತೆ ಬಿಚ್ಚಿದೆ. ಈ ಸಲ ಸ್ಪ್ರಿಂಗನ್ನು ಸೀಮೆಎಣ್ಣೆಯಲ್ಲಿ ಹಾಕಿ ಬ್ರಷ್ಷಿನಿಂದ ತಿಕ್ಕಿ ತೊಳೆದೆ. ಮೊದಲೇ ಮಾಡಬೇಕಾಗಿದ್ದ ಕೆಲಸ. ಮೂವತ್ತು ವರ್ಷ ಹುಡುಗರಿಗೆ "ಮೊದಲು ತೊಳೆ, ಆಮೇಲೆ ಅಳೆ" ಎಂದು ಹೇಳಿಕೊಟ್ಟವನೇ ಮರೆತಿದ್ದೆ. ಕಪ್ಪು ಗ್ರೀಸು ಹೋದ ಮೇಲೆ ತಂತಿಯ ಮೇಲೆ ಬರೆದ ಚರಿತ್ರೆ ಕಾಣಿಸಿತು. ನಡುವಿನ ಮೂರು ಸುತ್ತುಗಳ ಮೇಲೆ ಒರಟು ಕಪ್ಪು ಹೊಪ್ಪಳೆ. ಅದರ ಎರಡೂ ಬದಿಗೆ ಬೂದು, ಅದರಾಚೆ ನವಿಲುಕತ್ತಿನ ನೀಲಿ, ನೀಲಿಯ ಆಚೆ ನೇರಳೆ, ಕಂದು, ಕೊನೆಗೆ ಒಣಹುಲ್ಲಿನ ಹಳದಿ, ಅಲ್ಲಿಂದ ಮುಂದೆ ಮಾಮೂಲಿ ಉಕ್ಕು.

ಉಕ್ಕನ್ನು ಬಿಸಿ ಮಾಡಿದವರಿಗೆ ಈ ಬಣ್ಣಗಳು ಗೊತ್ತು. ಸುಮಾರು 220 ಡಿಗ್ರಿಗೆ ಒಣಹುಲ್ಲಿನ ಬಣ್ಣ, 300ರ ಆಸುಪಾಸಿನಲ್ಲಿ ನೀಲಿ. ನೀಲಿ ಕಂಡರೆ ಉಕ್ಕು ಹಾಳಾಯಿತು ಎಂದು ಕೆಲವರು ತಿಳಿಯುತ್ತಾರೆ, ಹಾಗೇನಿಲ್ಲ. ಹಳೆಯ ಗೋಡೆ ಗಡಿಯಾರದ ಸ್ಪ್ರಿಂಗು ನೀಲಿಯೇ ಇರುತ್ತದೆ. ಕೆಡುಕು ಇರುವುದು ನೀಲಿಯಲ್ಲಲ್ಲ, ನೀಲಿಯ ಈಚೆಗಿನ ಕಪ್ಪಿನಲ್ಲಿ. ಅಲ್ಲಿ ತಂತಿ ಕೆಂಪಗೆ ಕಾದಿದೆ, ಗಾಳಿಯಲ್ಲಿ ನಿಧಾನವಾಗಿ ಆರಿದೆ, ಮೆತ್ತಗಾಗಿದೆ. ಸಣ್ಣ ಅರದಿಂದ ಮುಟ್ಟಿ ನೋಡಿದೆ. ಹಳದಿಯ ಆಚೆ ಅರ ಜಾರಿತು, ಕಪ್ಪಿನ ಮೇಲೆ ಸೋಪಿಗೆ ಉಗುರು ಹಾಕಿದ ಹಾಗೆ ಕಚ್ಚಿತು.

ಬಲೂನಿನವನಿಗೆ ಫೋನು ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಬಾಯಿಬಿಟ್ಟ. ಹಿಂದಿನ ಬೇಸಿಗೆಯಲ್ಲಿ ಒಂದು ಜಾತ್ರೆಯಲ್ಲಿ ಸ್ಪ್ರಿಂಗು ಸಡಿಲವಾಯಿತೆಂದು ಯಾವುದೋ ವೆಲ್ಡಿಂಗ್ ಅಂಗಡಿಯಲ್ಲಿ ಗ್ಯಾಸ್ ಹಿಡಿಸಿ, ಕಾಯಿಸಿ, ಎರಡು ಕಡೆಯಿಂದ ಎಳೆಸಿ ಉದ್ದ ಮಾಡಿಸಿದ್ದನಂತೆ. "ಆಗ ಚೆನ್ನಾಗಿ ಹೊಡೆಯಿತು ಸಾರ್, ಒಂದು ದಿನ ಪೂರ್ತಿ" ಎಂದ.

ಅದು ಎರಡನೆಯ ಕೇಡು. ಮೊದಲು ಅದು ಸಡಿಲವಾಗಿದ್ದು ಯಾಕೆ? ಮಾತಾಡುತ್ತ ಮಾತಾಡುತ್ತ ಅದೂ ಹೊರಬಂತು. ಗಿರಾಕಿಗಳು ಸಾಲಾಗಿ ನಿಂತಾಗ ಪ್ರತಿಯೊಬ್ಬರಿಗೂ ನಳಿಗೆ ಬಗ್ಗಿಸಿ ಕೊಡುತ್ತ ಕೂತರೆ ತಡವಾಗುತ್ತದೆ. ಹಾಗಾಗಿ ಸಂಜೆ ಐದಕ್ಕೇ ಎಲ್ಲ ಬಂದೂಕುಗಳನ್ನೂ ಬಗ್ಗಿಸಿ ಕೊಕ್ಕೆ ಹಿಡಿಸಿ ಸಾಲಾಗಿ ಇಡುತ್ತಾನೆ. ಜನ ಬಾರದ ದಿನ ಅವು ರಾತ್ರಿಯವರೆಗೂ ಹಾಗೇ ಇರುತ್ತವೆ. ನಾನು ಲೆಕ್ಕ ಹಾಕಿದೆ. 3 ಮಿಲಿಮೀಟರ್ ತಂತಿ, ಈ ಅಗಲ, ಕೆಲಸ ಮಾಡುವ ಸುತ್ತು 30 ಎಂದರೆ ಒಂದು ಮಿಲಿಮೀಟರ್ ಕುಗ್ಗಿಸಲು ಸುಮಾರು 5.4 ನ್ಯೂಟನ್ ಬೇಕು. ಪಿಸ್ಟನ್ನು ಹಿಂದೆ ಹೋಗುವುದು 80 ಮಿಲಿಮೀಟರ್. ಮೊದಲೇ ಕುಗ್ಗಿದ್ದ 38 ಸೇರಿ 118. ಕೊಕ್ಕೆಯ ಮೇಲೆ ಬೀಳುವ ನೂಕು 640 ನ್ಯೂಟನ್, ಅಂದರೆ ಒಬ್ಬ ಆಳಿನ ತೂಕ, 65 ಕಿಲೋ. ಅಷ್ಟನ್ನು ಹೊತ್ತು ಗಂಟೆಗಟ್ಟಲೆ ಕುಳಿತ ಉಕ್ಕು ದಿನಕ್ಕೆ ಒಂದು ಕೂದಲೆಳೆಯಷ್ಟು ಸೋಲುತ್ತದೆ. ಮತ್ತೆ ಹಿಂದಕ್ಕೆ ಬರುವುದಿಲ್ಲ. ಮಕ್ಕಳು ಗುಂಡಿಲ್ಲದೆ ಟ್ರಿಗರ್ ಎಳೆಯುವುದು ಇದರ ಮೇಲಿನ ಏಟು. ಗುಂಡು ಅಡ್ಡವಿದ್ದರೆ ಮುಂದಿನ ಗಾಳಿ ದಿಂಬಿನಂತೆ ಪಿಸ್ಟನ್ನನ್ನು ತಡೆಯುತ್ತದೆ. ಇಲ್ಲದಿದ್ದರೆ ಪಿಸ್ಟನ್ನು ನೇರವಾಗಿ ಗೋಡೆಗೆ ಗುದ್ದುತ್ತದೆ. ತುದಿಯ ಸುತ್ತು ತುಂಡಾಗಿದ್ದು ಹೀಗೇ ಇರಬೇಕು.

ಶಕ್ತಿಯ ಲೆಕ್ಕವನ್ನೂ ಹಾಕಿದೆ. ಒಳ್ಳೆಯ ಸ್ಪ್ರಿಂಗು ಹಿಡಿದಿಡುವುದು ಸುಮಾರು 34 ಜೂಲ್, ಸಡಿಲವಾದದ್ದು 16ಕ್ಕಿಂತ ಕಡಿಮೆ. ಇಂಥ ಬಂದೂಕುಗಳಲ್ಲಿ ಅದರ ಮೂರನೇ ಒಂದು ಭಾಗದಷ್ಟು ಗುಂಡಿಗೆ ತಲುಪಿದರೆ ಹೆಚ್ಚು. ಈ ಲೆಕ್ಕ ಬರೀ ಕುತೂಹಲಕ್ಕಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿಲಿಮೀಟರ್ ನಳಿಗೆ ಅಥವಾ 20 ಜೂಲ್ ಶಕ್ತಿ ಮೀರಿದ ಏರ್‌ಗನ್ನಿಗೆ ಪರವಾನಗಿ ಬೇಕು. ಹನ್ನೊಂದು ಜೂಲಿನ ಬಲೂನು ಬಂದೂಕು ಅದರ ಎಷ್ಟೋ ಕೆಳಗಿದೆ, ಅಲ್ಲೇ ಇರಲಿ. ಮಂಡ್ಯದ ಕಡೆಯ ನೆಂಟರೊಬ್ಬರು ಹಿಂದೊಮ್ಮೆ ಗದ್ದೆಗೆ ಬರುವ ನವಿಲಿಗೆಂದು ಇನ್ನೂ ಗಟ್ಟಿ ಸ್ಪ್ರಿಂಗು ಹಾಕಿಕೊಡು ಎಂದಿದ್ದರು. ನವಿಲನ್ನು ಹೊಡೆದರೆ ಜೈಲು, ಸ್ಪ್ರಿಂಗು ಹಾಕಿದವನನ್ನೂ ಕರೆಯುತ್ತಾರೆ ಎಂದು ಹೇಳಿ ಕಾಫಿ ಕೊಟ್ಟು ಕಳಿಸಿದ್ದೆ.

ಹೊಸ ಸ್ಪ್ರಿಂಗು ಸುತ್ತುವುದೇ ಸರಿ ಎಂದು ನಿರ್ಧರಿಸಿದೆ. ಸಪ್ತಮಿಯ ದಿನ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನನ್ನ ಹಳೆಯ ಸಹೋದ್ಯೋಗಿಯ ಶೆಡ್ಡಿಗೆ ಹೋದೆ. ಅವನ ಹತ್ತಿರ ಉದ್ದ ಬೆಡ್ಡಿನ ಲೇತ್ ಇದೆ, ಐಎಸ್ 4454 ಎಂಬ ಭಾರತೀಯ ಮಾನಕದ 3 ಮಿಲಿಮೀಟರ್ ಸ್ಪ್ರಿಂಗು ತಂತಿಯೂ ಇತ್ತು. ಈ ತಂತಿಗೆ ಕಾಯಿಸಿ ಗಟ್ಟಿ ಮಾಡುವ ಗೋಜಿಲ್ಲ, ತಣ್ಣಗೆ ಎಳೆದೇ ಗಟ್ಟಿಯಾಗಿಸಿರುತ್ತಾರೆ. ಅದಕ್ಕೇ ಅದು ಹಟಮಾರಿ. ಸರಳಿಗೆ ಸುತ್ತಿ ಬಿಟ್ಟರೆ ಬಿಚ್ಚಿಕೊಂಡು ದೊಡ್ಡದಾಗುತ್ತದೆ. ಎಷ್ಟು ದೊಡ್ಡದಾಗುತ್ತದೆ ಎನ್ನುವುದು ಸುತ್ತಿದವನಿಗೇ ಗೊತ್ತು, ನಾನು ಸುತ್ತಿ ಹತ್ತು ವರ್ಷವಾಗಿತ್ತು. 13.5 ಮಿಲಿಮೀಟರ್ ಸರಳಿಗೆ ಸುತ್ತಿದೆ. ಬಿಟ್ಟಾಗ ಹೊರ ಅಗಲ 21.6 ಆಯಿತು. ಪಿಸ್ಟನ್ನಿನ ಹೊಟ್ಟೆ 21. ಒಳಗೆ ಹೋಗಲೇ ಇಲ್ಲ. ಎರಡೂವರೆ ಮೀಟರ್ ತಂತಿ ಗುಜರಿಗೆ. ಗೆಳೆಯ ನಕ್ಕು, ನಾಳೆ ಬೆಳಗ್ಗೆ ಹತ್ತರೊಳಗೆ ಬಂದರೆ ಲೇತ್ ಸಿಗುತ್ತದೆ, ಆಮೇಲೆ ತೊಳೆಯಲು ಹಾಕುತ್ತೇನೆ ಎಂದ. ಆಗ ನೆನಪಾಯಿತು ಆಯುಧಪೂಜೆ.

ಅಷ್ಟಮಿಯ ಬೆಳಗ್ಗೆ ಎಂಟಕ್ಕೇ ಹೋದೆ. ಅವನ ಹುಡುಗರು ಆಗಲೇ ಸೀಮೆಎಣ್ಣೆ ಡಬ್ಬ, ಹಳೆ ಬಟ್ಟೆ ಹಿಡಿದು ನನ್ನ ಸುತ್ತ ನಿಂತಿದ್ದರು. ಈ ಸಲ ಸರಳು 12 ಮಿಲಿಮೀಟರ್. ತಂತಿಯ ತುದಿಯನ್ನು ಚಕ್ಕಿನಲ್ಲಿ ಕಚ್ಚಿಸಿ, ಟೂಲ್‌ಪೋಸ್ಟಿನಲ್ಲಿ ಎರಡು ಹಿತ್ತಾಳೆ ಪಟ್ಟಿಗಳ ನಡುವೆ ತಂತಿಯನ್ನು ಬಿಗಿಯಾಗಿ ಹಿಡಿಸಿ, ಅತಿ ನಿಧಾನದ ಗೇರಿನಲ್ಲಿ ತಿರುಗಿಸಿದೆ. ಆರಂಭದ ಎರಡು ಸುತ್ತು ಅಂಟಿಕೊಂಡಂತೆ, ಆಮೇಲೆ ಮರೆ ಕೊರೆಯುವ ಗೇರು ಹಾಕಿ ಬಿಡಿಬಿಡಿಯಾಗಿ, ಕೊನೆಗೆ ಮತ್ತೆ ಎರಡು ಅಂಟಿಕೊಂಡಂತೆ. ಬಿಡುವಾಗ ಲೇತನ್ನು ಕೈಯಿಂದ ಹಿಂದಕ್ಕೆ ತಿರುಗಿಸಿ ಬಿಗಿಯನ್ನು ಮೆಲ್ಲಗೆ ಇಳಿಸಬೇಕು. ಹಾಗೇ ತಂತಿ ಕತ್ತರಿಸಿದರೆ ಅದು ಚಾಟಿಯಾಗುತ್ತದೆ. ಹಾಗೆ ಬೆರಳು ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ಹೊರ ಅಗಲ 19.9 ಬಂತು.

ಸುತ್ತಿದ ಕೂಡಲೇ ಸ್ಪ್ರಿಂಗು ಸಿದ್ಧವಲ್ಲ. ಬಗ್ಗಿಸಿದ ಉಕ್ಕಿನೊಳಗೆ ಸೆಳೆತ ಉಳಿದಿರುತ್ತದೆ. 250 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು ಅದನ್ನು ಇಳಿಸಬೇಕು. ಅದಕ್ಕೆ ಸರಿಯಾದ ಕುಲುಮೆ ನಮ್ಮ ಅಡುಗೆಮನೆಯಲ್ಲಿದೆ, ಮಗಳು ಕೇಕಿಗೆಂದು ತಂದ ಓವನ್, ಗುಂಡಿ ಪೂರ್ತಿ ತಿರುಗಿಸಿದರೆ 250. ಹಬ್ಬದ ಅಡುಗೆಯ ನಡುವೆ ಮನೆಯಾಕೆ ಅದನ್ನು ನೋಡಿ, "ದುರ್ಗಾಷ್ಟಮಿಯ ದಿನ ಒಲೆಯಲ್ಲಿ ಕಬ್ಬಿಣ ಬೇಯಿಸುವವರು ಮೈಸೂರಿನಲ್ಲಿ ನೀವೊಬ್ಬರೇ" ಎಂದಳು. ಎಣ್ಣೆಯ ಜಿಡ್ಡು ಪೂರ್ತಿ ತೊಳೆದು, ಪಿಂಗಾಣಿ ತಟ್ಟೆಯ ಮೇಲೆ ಇಟ್ಟು ಬೇಯಿಸಿದೆ. ಹೊರಗೆ ತೆಗೆದಾಗ ಬೆಳ್ಳಿಯಂತಿದ್ದ ತಂತಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು, ಉದ್ದಕ್ಕೂ ಒಂದೇ ಸಮ. ಅಗಲ 19.8ಕ್ಕೆ ಇಳಿದಿತ್ತು. ಎರಡು ತುದಿಗಳನ್ನು ಗ್ರೈಂಡಿಂಗ್ ಚಕ್ರಕ್ಕೆ ಹಿಡಿದು, ನೀರಲ್ಲಿ ಅದ್ದಿ ಅದ್ದಿ ಚಪ್ಪಟೆ ಮಾಡಿದೆ. ಗಾಜಿನ ಮೇಲೆ ನಿಲ್ಲಿಸಿದರೆ ನೆಟ್ಟಗೆ ನಿಲ್ಲಬೇಕು. ನಿಂತಿತು. ಮಲಗಿಸಿ ಉರುಳಿಸಿದಾಗ ಎಲ್ಲೂ ಎದ್ದು ಬೀಳಲಿಲ್ಲ.

ಉದ್ದ 256. ಬೇಕಾಗಿದ್ದಕ್ಕಿಂತ ಹೆಚ್ಚು, ಬೇಕೆಂದೇ ಹೆಚ್ಚು. ಏಕೆಂದರೆ ಮೊದಲ ಸಲ ಪೂರ್ತಿ ಕುಗ್ಗಿಸಿದಾಗ ಹೊಸ ಸ್ಪ್ರಿಂಗು ಒಂದಷ್ಟು ಉದ್ದವನ್ನು ಕಳೆದುಕೊಂಡೇ ತೀರುತ್ತದೆ. ಅದನ್ನು ಬಂದೂಕಿನೊಳಗೆ ಕಳೆದುಕೊಳ್ಳುವ ಬದಲು ಬೆಂಚಿನ ಮೇಲೇ ಕಳೆದುಕೊಳ್ಳಲಿ. ಅದೇ 12 ಮಿಲಿಮೀಟರ್ ಮರೆ ಸರಳನ್ನು ಸ್ಪ್ರಿಂಗಿನೊಳಗೆ ತೂರಿಸಿ, ಎರಡೂ ಕಡೆ ದಪ್ಪ ವಾಷರು, ನಟ್ಟು ಹಾಕಿ, ಸುತ್ತಿಗೆ ಸುತ್ತು ತಾಗುವವರೆಗೆ ಬಿಗಿದೆ. 160 ಮಿಲಿಮೀಟರ್ ಕುಗ್ಗಬೇಕು, ನಟ್ಟು ಒಂದು ಸುತ್ತಿಗೆ 1.75 ಮುಂದೆ ಹೋಗುತ್ತದೆ. ತೊಂಬತ್ತೊಂದು ಸುತ್ತು ಸ್ಪ್ಯಾನರ್ ತಿರುಗಿಸಿ ಮತ್ತೆ ಅಷ್ಟೇ ಸುತ್ತು ಬಿಚ್ಚಬೇಕು. ಮೊದಲ ಸಲ ಬಿಚ್ಚಿದಾಗ 244. ಎರಡನೆಯ ಸಲ 241. ಮೂರನೆಯ ಸಲ 240. ನಾಲ್ಕನೆಯ ಸಲವೂ 240, ಅಲ್ಲಿಗೆ ನಿಂತಿತು. ನನ್ನ ಬಲಗೈ ಮಾತ್ರ ಮರುದಿನ ಕಾಫಿ ಲೋಟ ಎತ್ತಲೂ ಒಪ್ಪಲಿಲ್ಲ.

ಒಳ್ಳೆಯ ಬಂದೂಕಿನದು 248 ಇತ್ತಲ್ಲ, ಇದು ಎಂಟು ಕಡಿಮೆ ಅಲ್ಲವೇ? ಹೌದು. ನಾಲ್ಕು ಮೀಟರ್ ದೂರದ ಬಲೂನಿಗೆ ಇಷ್ಟು ಸಾಕು. ಮೊದಲೇ ಕುಗ್ಗಿರುವುದು 38ರ ಬದಲು 30 ಆದರೆ ಕೊಕ್ಕೆಯ ಮೇಲಿನ ಭಾರ ನಾಲ್ಕೈದು ಕಿಲೋ ಇಳಿಯುತ್ತದೆ, ಹೈಸ್ಕೂಲಿನ ಹುಡುಗಿಯೂ ನಳಿಗೆ ಬಗ್ಗಿಸಬಹುದು, ಸ್ಪ್ರಿಂಗೂ ಹೆಚ್ಚು ದಿನ ಬಾಳುತ್ತದೆ.

ಇನ್ನು ಆ ತಂಬೂರಿ ಸದ್ದು. ಅದು ಸಡಿಲ ಸ್ಪ್ರಿಂಗಿನದು ಮಾತ್ರವಲ್ಲ. ಸ್ಪ್ರಿಂಗಿನ ಒಳಗೆ ಹಿಂದಿನಿಂದ ಒಂದು ಕೊಳವೆ ಬರುತ್ತದೆ, ಸ್ಪ್ರಿಂಗು ಡೊಂಕಾಗದಂತೆ ನಡೆಸುವುದು ಅದರ ಕೆಲಸ. ಇದರಲ್ಲಿದ್ದದ್ದು ತಗಡು ಮಡಚಿ ಮಾಡಿದ, 12.5 ಮಿಲಿಮೀಟರಿನ ತೆಳು ಕೊಳವೆ. 14 ಮಿಲಿಮೀಟರ್ ತೂತಿನೊಳಗೆ ಅದು ಗಂಟೆಯ ನಾಲಗೆಯಂತೆ ಆಡುತ್ತಿತ್ತು. ಅಷ್ಟಮಿಯ ಸಂಜೆ ನನ್ನ ಪುಟ್ಟ ಲೇತಿನಲ್ಲಿ ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಬಿಳಿ ಸರಳಿನಿಂದ ಹೊಸದೊಂದನ್ನು ತಿರುವಿದೆ. ಸ್ಪ್ರಿಂಗನ್ನು ಅದರ ಮೇಲೆ ತೂರಿಸಿ ತಲೆಕೆಳಗೆ ಹಿಡಿದರೆ ತಾನಾಗಿ ಬೀಳಬಾರದು, ಕೈಯಿಂದ ಎಳೆದರೆ ಬರಬೇಕು. ಅಷ್ಟು ಬಿಗಿ ಸಾಕು. ಕುಗ್ಗಿದಾಗ ಸ್ಪ್ರಿಂಗು ತುಸು ದಪ್ಪಗಾಗುವುದರಿಂದ ಓಡಾಟಕ್ಕೆ ಅಡ್ಡಿಯಾಗುವುದಿಲ್ಲ. ಚರ್ಮದ ವಾಷರು ಅಂಚಿನಲ್ಲಿ ಸುಟ್ಟಿತ್ತು. ಹೊಸದನ್ನು ಕತ್ತರಿಸಿ ಹಾಕಿದೆ, ಅದರ ಬಗ್ಗೆ ಹೇಳುವುದಕ್ಕೇನಿಲ್ಲ.

ರಾತ್ರಿ ಒಂಬತ್ತಾಯಿತು. ಜೋಡಿಸುವುದೊಂದೇ ಬಾಕಿ. ಅಷ್ಟರಲ್ಲಿ ಮನೆಯಾಕೆ ಬಂದು ಶೆಡ್ಡು ಗುಡಿಸಲು ಶುರುಮಾಡಿದಳು. ಸ್ಪ್ಯಾನರು, ಅರ, ವೈಸು, ಸ್ಕೂಟರಿನ ಕೀಲಿ ಎಲ್ಲ ತೊಳೆದು ಮಣೆಯ ಮೇಲೆ ಸೇರಿದವು. ಮರುದಿನ ಮಹಾನವಮಿ. ಅಂದು ಆಯುಧಗಳಿಗೆ ಪೂಜೆ, ಅವುಗಳಿಂದ ಕೆಲಸ ತೆಗೆಯುವಂತಿಲ್ಲ. ಬೆಳಗ್ಗೆ ಬಲೂನಿನವನು ಓಡಿ ಬಂದಾಗ ಅವನ ಬಂದೂಕಿನ ನಳಿಗೆ, ಪಿಸ್ಟನ್ನು, ಹುಲ್ಲುಬಣ್ಣದ ಸ್ಪ್ರಿಂಗು ಬೇರೆಬೇರೆಯಾಗಿ ಅರಿಶಿನ ಕುಂಕುಮ ಹಚ್ಚಿಕೊಂಡು, ಸೇವಂತಿಗೆ ಮುಡಿದು ಕುಳಿತಿದ್ದವು. ಅವನೂ ಆಯುಧದಿಂದಲೇ ಹೊಟ್ಟೆ ಹೊರೆಯುವವನು, ಏನು ಹೇಳುತ್ತಾನೆ? ಬೂದುಗುಂಬಳ ಒಡೆದ ಮೇಲೆ ಕೈಮುಗಿದು, ಸಿಹಿಪೊಂಗಲ್ ತಿಂದು, "ನಾಳೆ ಬೆಳಗ್ಗೆ ಬೇಗ ಸಾರ್" ಎಂದು ಹೋದ.

ವಿಜಯದಶಮಿಯ ಬೆಳಗ್ಗೆ ಐದಕ್ಕೆ ಎದ್ದು ಕುಂಕುಮ ಒರೆಸಿದೆ. ಸ್ಪ್ರಿಂಗಿಗೆ ಮಾಲಿಬ್ಡಿನಮ್ ಗ್ರೀಸನ್ನು ಬೆರಳಿನಿಂದ ತೆಳುವಾಗಿ ಸವರಿ, ಪಿಸ್ಟನ್ನಿನ ಮುಂದಕ್ಕೆ ಜಿಡ್ಡು ಹೋಗದಂತೆ ಒರೆಸಿ, ಚೌಕಟ್ಟಿನಲ್ಲಿ ಬಿಗಿದು ಪಿನ್ನು ಕೂರಿಸಿದೆ. ಅಲ್ಲಾಡಿಸಿದೆ. ಗೆಜ್ಜೆ ಇಲ್ಲ. ಸೋಪಿಗೆ ಹೊಡೆದೆ. 'ಟಣ್ಣ್' ಹೋಗಿ 'ಧಪ್' ಎಂದಿತು, ದಿಂಬಿಗೆ ಗುದ್ದಿದ ಹಾಗೆ. ಮೊದಲ ಎರಡು ಹೊಡೆತಕ್ಕೆ ಸ್ವಲ್ಪ ಹೊಗೆ, ಆಮೇಲೆ ಅದೂ ಇಲ್ಲ. ಮೂವತ್ತು ಹೊಡೆತ ಆದ ಮೇಲೂ ಆಳ 17ರಲ್ಲಿ ನಿಂತಿತು.

ಬಂದೂಕು ಸಿದ್ಧ, ತಲುಪಿಸುವುದು ಹೇಗೆ? ವಸ್ತುಪ್ರದರ್ಶನ ಇರುವುದು ಅರಮನೆಯ ಎದುರಿನ ದೊಡ್ಡಕೆರೆ ಮೈದಾನದಲ್ಲಿ. ನಾನಿರುವುದು ಬನ್ನಿಮಂಟಪದಲ್ಲಿ. ಜಂಬೂಸವಾರಿ ಹೊರಡುವುದು ಅಲ್ಲಿಂದ, ಬಂದು ಮುಗಿಯುವುದು ಇಲ್ಲಿ. ನಡುವಿನ ಐದು ಕಿಲೋಮೀಟರಿನಲ್ಲಿ ಆನೆ, ಸ್ತಬ್ಧಚಿತ್ರ, ಪೊಲೀಸು, ಲಕ್ಷಾಂತರ ಜನ. ಆ ದಿನ ಸಯ್ಯಾಜಿರಾವ್ ರಸ್ತೆಯಲ್ಲಿ ಹೆಗಲ ಮೇಲೆ ಬಂದೂಕು ಇಟ್ಟುಕೊಂಡು ಹೋದರೆ ನನ್ನನ್ನು ಕೇಳುವುದು ಬಲೂನಿನ ಲೆಕ್ಕವನ್ನಲ್ಲ. ಫೋನಿನಲ್ಲಿ ಅವನು ಅಂದದ್ದನ್ನೆಲ್ಲ ಕೇಳಿಸಿಕೊಂಡೆ. ಸಂಜೆ ಪಂಜಿನ ಕವಾಯತಿನ ಸದ್ದು ಕೇಳುತ್ತ, ಗೋಣಿಚೀಲದಲ್ಲಿ ಸುತ್ತಿದ ಬಂದೂಕನ್ನು ನೋಡುತ್ತ ಕುಳಿತಿದ್ದೆ. ಮರುದಿನ ಬೆಳಗ್ಗೆ ಬಂದು ಒಯ್ದ. ಬಗ್ಗಿಸಿ ಇಡಬೇಡ, ಗುಂಡಿಲ್ಲದೆ ಹೊಡೆಯಲು ಬಿಡಬೇಡ, ಎಣ್ಣೆ ಹಾಕಬೇಡ ಎಂದು ಮೂರು ಸಲ ಹೇಳಿದೆ. ಮೂರು ಸಲವೂ ತಲೆಯಾಡಿಸಿದ.

ಮೂರು ವಾರ ಬಿಟ್ಟು ಮೊಮ್ಮಗಳನ್ನು ಕರೆದುಕೊಂಡು ವಸ್ತುಪ್ರದರ್ಶನಕ್ಕೆ ಹೋದೆ. ದೊಡ್ಡ ಹಪ್ಪಳ ತಿಂದ ಮೇಲೆ ಅವಳೇ ಬಲೂನಿನ ಅಂಗಡಿಗೆ ಎಳೆದುಕೊಂಡು ಹೋದಳು. ಹಲಗೆಯ ಮೇಲೆ ನಾಲ್ಕು ಬಂದೂಕು ಸಾಲಾಗಿ ಮಲಗಿದ್ದವು. ಹಿಡಿಯ ಮೇಲಿನ ಗೀರಿನಿಂದ ನನ್ನದನ್ನು ಗುರುತು ಹಿಡಿದು ಎತ್ತಿಕೊಂಡೆ. ಕೊಕ್ಕೆ ಹಿಡಿಯದ ಬಂದೂಕಿನ ನಳಿಗೆ ಬಗ್ಗಿಸಲು ಮೊಣಕೈ ಕೆಲಸ ಮಾಡಬೇಕು. ಎರಡು ಬೆರಳಿನಿಂದ ತಟ್ಟಿ ನೋಡಿದೆ. ನಳಿಗೆ ಒಣಗಿದ ಬಾಳೆಯೆಲೆಯಂತೆ ತಾನಾಗಿ ಕೆಳಕ್ಕೆ ಬಿತ್ತು.

"ಇವತ್ತು ಭಾನುವಾರ ಅಲ್ಲವೇ ಸಾರ್" ಎಂದು ಬಲೂನಿನವನು ನನ್ನ ಮುಖ ನೋಡದೆ ಮೊಮ್ಮಗಳ ಕೈಗೆ ಗುಂಡಿನ ಡಬ್ಬಿ ಕೊಟ್ಟ.